ಗುದ್ದಲಿ ಪಲ್ಟನ್ನಿನ ಅರವಟ್ಟಿಗೆ

ಆದವಾನಿ

ನಾನು ಎರಡು ಸಲ ದೇಶಾಂತರ ಹೋದವನು ಎಂದು ಪೇಟೆಯಲ್ಲಿ ಹೇಳಿಕೊಂಡು ನಗಿಸುತ್ತಿರುತ್ತೇನೆ. ಮೊದಲ ಸಲ ಹೋದದ್ದು ಅಂಗಡಿಯ ಗಾದಿ ಬಿಟ್ಟೇಳದೆ. ಬಳ್ಳಾರಿ ಜಿಲ್ಲೆಯಲ್ಲಿ ಮಲಗಿದ ಆದವಾನಿ ಒಂದು ಬೆಳಗ್ಗೆ ಆಂಧ್ರ ರಾಜ್ಯದ ಕರ್ನೂಲು ಜಿಲ್ಲೆಯಲ್ಲಿ ಎದ್ದಿತು. ನಾನು ಮಾತ್ರ ಅದೇ ಹತ್ತಿ ಪೇಟೆಯಲ್ಲಿ ಅದೇ ದಲಾಲಿ ಮಾಡಿಕೊಂಡು ಕೂತಲ್ಲೇ ಕೂತಿದ್ದೆ. ಎರಡನೆಯ ಸಲ ಹೋದದ್ದು ಬರ್ಮಾಕ್ಕೆ, ಅದಾದ ಕೆಲವು ವರ್ಷಗಳ ಮೇಲೆ. ಆಗ ಏಳಲೇಬೇಕಾಯಿತು. ಎಬ್ಬಿಸಿದವಳು ನನ್ನ ಅಕ್ಕ ಹಂಪಮ್ಮ.

ಅಕ್ಕನನ್ನು ಕೊಟ್ಟದ್ದು ಚಿಪ್ಪಗಿರಿಗೆ. ಭಾವ ಈರಣ್ಣ ಯುದ್ಧದ ಕಾಲದಲ್ಲಿ ಪಲ್ಟನ್ನಿಗೆ ಸೇರಿದ. ಆದವಾನಿ, ಆಲೂರು, ನಂದವರಂ ಕಡೆಯ ಹುಡುಗರನ್ನೇ ಒಟ್ಟುಮಾಡಿ ಕಟ್ಟಿದ ಪಲ್ಟನ್ನು ಅದು. ರಸ್ತೆ ಹಾಕುವುದು, ಸೇತುವೆ ರಿಪೇರಿ ಮಾಡುವುದು, ಗುಂಡಿ ತೋಡುವುದು ಅವರ ಕೆಲಸ. ಬಂದೂಕಿಗಿಂತ ಗುದ್ದಲಿಯನ್ನೇ ಹೆಚ್ಚು ಹಿಡಿದದ್ದರಿಂದ ನಮ್ಮ ಜನ ಅದನ್ನು ಗುದ್ದಲಿ ಪಲ್ಟನ್ ಎಂದು ಕರೆದು ತಮಾಷೆ ಮಾಡುತ್ತಿದ್ದರು. ಯುದ್ಧ ಮುಗಿಯಿತು. ಹಲವರು ಬಂದರು, ಭಾವ ಬರಲಿಲ್ಲ. ಬರ್ಮಾದ ಮಿಂಜಾನ್ ಎಂಬಲ್ಲಿ ಕಾಣೆಯಾಗಿದ್ದಾರೆ ಎಂದು ಸರ್ಕಾರದಿಂದ ಕಾಗದ ಬಂತು. ಬಂದವರು ಬೇರೆ ಬೇರೆ ತುಕಡಿಗಳಲ್ಲಿ ಚದುರಿದ್ದವರು, ಅವರಿಗೂ ತಿಳಿಯದು. ಸತ್ತರೆಂದು ಯಾರೂ ಹೇಳಲಿಲ್ಲ, ಇದ್ದಾರೆಂದೂ ಹೇಳಲಿಲ್ಲ.

ಅಲ್ಲಿಂದ ಅಕ್ಕನ ಬಾಳು ಬಾಗಿಲ ಹೊಸ್ತಿಲ ಮೇಲೆ ನಿಂತ ಹಾಗಾಯಿತು. ಹಣೆಗೆ ಕುಂಕುಮ ಇಡುತ್ತಿದ್ದಳು, ಕೈಗೆ ಹಸಿರು ಬಳೆ ತೊಡುತ್ತಿದ್ದಳು. ಆದರೆ ಯಾರದಾದರೂ ಮನೆಯಲ್ಲಿ ಆರತಿ ಆದರೆ, ಕುಂಕುಮದ ಬಟ್ಟಲು ಇವಳ ಮುಂದೆ ಬಂದಾಗ ಹಿಡಿದವಳ ಕೈ ಒಂದು ಗಳಿಗೆ ತಡೆಯುತ್ತಿತ್ತು. ಮುತ್ತೈದೆ ಎನ್ನಬೇಕೋ ಬೇಡವೋ ಅವರಿಗೂ ತಿಳಿಯದು. ಅಕ್ಕ ಅದನ್ನು ನೋಡಿಯೂ ನೋಡದಂತೆ ಇರುವುದನ್ನು ಕಲಿತಿದ್ದಳು.

ಅಷ್ಟರಲ್ಲಿ ಮಗಳು ಗಿರಿಜಳಿಗೆ ಆಲೂರಿನಿಂದ ಗಂಡು ಒಪ್ಪಿತು. ಬೀಗರು ಒಳ್ಳೆಯವರು. ಎಲ್ಲ ಮಾತು ಮುಗಿದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಬೀಗರು ಮೆಲ್ಲಗೆ ಕೇಳಿದರು: “ಎಲ್ಲಾ ಸರಿ ಐತ್ರಿ. ಲಗ್ನಪತ್ರಿಕೆದಾಗ ಹುಡುಗಿ ತಂದಿ ಹೆಸರಿನ ಮುಂದ ಏನಂತ ಹಾಕಸ್ತೀರಿ? ಶ್ರೀ ಅಂತೋ, ದಿವಂಗತ ಅಂತೋ?”

ಒಳಗೆ ಅಕ್ಕ ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತುಹೋಯಿತು.

ಆ ವಾರವೇ ದೇವರು ಕಳಿಸಿದಂತೆ ಹುಸೇನ್ ಸಾಹೇಬರು ಪೇಟೆಗೆ ಬಂದರು. ಆದವಾನಿಯವರೇ, ಬರ್ಮಾದಲ್ಲಿ ಬಹಳ ಕಾಲ ಬಟ್ಟೆ ವ್ಯಾಪಾರ ಮಾಡಿ, ಮುದಿತನಕ್ಕೆ ಊರು ಸೇರಿದವರು. ಮಾತಿಗೆ ಮಾತು ಬಂದು ಮಿಂಜಾನ್ ಎಂದೆ. “ಅರೆ, ಮಿಂಜಾನ್ ನಾ ತಿರುಗಾಡಿದ ಊರೈತ್ರಿ. ಅದರ ಬಾಜೂಕ ಟಾಂಗೋನ್ ಅಂತ ಹಳ್ಳಿ. ಅಲ್ಲಿ ನಮ್ಮ ದೇಶದ ಪಲ್ಟನ್ ಒಂದಕ್ಕ ಊರವ್ರಾ ಕಲ್ಲು ನಿಲ್ಲಿಸ್ಯಾರ. ಯಾವ ಪಲ್ಟನ್ ಅಂತ ನಂಗ ಗೊತ್ತಿಲ್ಲ” ಎಂದರು.

ನಾನೊಬ್ಬನೇ ಹೋಗಿ ನೋಡಿ ಬರುತ್ತೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ಒಪ್ಪಲಿಲ್ಲ.

“ನೀ ಹೋಗಿ ಬಂದ್ರ ನಾ ನಂಬಂಗಿಲ್ಲ. ನನ್ನ ಮಾರಿ ನೋಡಿ ಕರುಳು ಚುರ್ ಅಂದು ಏನರ ಸುಳ್ಳು ಹೇಳ್ತಿ. ನಿನ್ನ ದಲಾಲಿ ನಾಲಿಗಿ ನಂಗ ಗೊತ್ತಿಲ್ಲೇನು? ನಾನೂ ಬರ್ತೀನಿ.”

ಇಂಥ ಪ್ರಶಂಸೆ ಸಿಕ್ಕ ಮೇಲೆ ಬೇಡ ಎನ್ನುವುದು ಹೇಗೆ? ಪಾಸ್‌ಪೋರ್ಟು ಮಾಡಿಸುವಾಗ ಗುಮಾಸ್ತರು, ಪಲ್ಟನ್ನಿನ ಕಾಗದದಲ್ಲಿ ಗಂಡ ಬಳ್ಳಾರಿ ಜಿಲ್ಲೆಯವರು, ಹೆಂಡತಿ ಕರ್ನೂಲು ಜಿಲ್ಲೆಯವರು, ಊರು ಮಾತ್ರ ಒಂದೇ, ಇದು ಹೇಗೆ ಎಂದು ತಲೆ ಕೆರೆದುಕೊಂಡರು. ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿತು. ಕೊನೆಗೆ ಅಕ್ಕನೇ, “ನಾವು ಕದಲಿಲ್ರಿ, ಜಿಲ್ಲಾ ಕದಲೈತಿ” ಎಂದಳು. ಅದು ಅವರಿಗೆ ಅರ್ಥವಾಯಿತು.

ಹಡಗು

ಮದರಾಸಿನಲ್ಲಿ ಹಡಗು ಹತ್ತುವವರೆಗೆ ನಾನು ಅಕ್ಕನಿಗೆ ಧೈರ್ಯ ಹೇಳುತ್ತಿದ್ದೆ. ಹೆದರಬೇಡ, ಸಮುದ್ರವೆಂದರೆ ದೊಡ್ಡ ಕೆರೆ ಅಷ್ಟೇ, ಕಣ್ಣು ಮುಚ್ಚಿಕೊಂಡು ಕೂತುಬಿಡು, ಹೀಗೆಲ್ಲ. ದಡ ಕಣ್ಮರೆಯಾದದ್ದೇ ತಡ, ನನ್ನ ಹೊಟ್ಟೆ ತಿರುವಿಹಾಕಿತು. ಆಮೇಲೆ ರಂಗೂನಿನವರೆಗೆ ನಾನು ಕಂಡದ್ದು ಹಡಗಿನ ಕಟಕಟೆಯ ಕಂಬಿ ಮತ್ತು ಅದರ ಕೆಳಗಿನ ನೀರು ಮಾತ್ರ. ಸಮುದ್ರದ ಸೂರ್ಯೋದಯ ಬಹಳ ಚಂದ ಎಂದು ಹೇಳುತ್ತಾರೆ, ನೋಡಿದವರನ್ನೇ ಕೇಳಬೇಕು.

ಅಕ್ಕನಿಗೆ ಏನೂ ಆಗಲಿಲ್ಲ. ಹತ್ತಿ ಮೂಟೆ ಹೇರಿದ ಬಂಡಿಯ ಮೇಲೆ ಕೂತು ಬೆಳೆದವಳು. ಓಲಾಟ ಅವಳಿಗೆ ಹೊಸದಲ್ಲ. ಮೇಲಟ್ಟದಲ್ಲಿ ಚಾಪೆ ಹಾಸಿಕೊಂಡು ತಮಿಳು ಹೆಂಗಸರ ನಡುವೆ ಕೂತು, ಅವರ ಭಾಷೆ ಇವಳಿಗೆ ಬಾರದಿದ್ದರೂ, ಇವಳ ಭಾಷೆ ಅವರಿಗೆ ಬಾರದಿದ್ದರೂ, ಯಾರ ಮಗಳಿಗೆ ಎಷ್ಟು ಮಕ್ಕಳು, ಯಾರ ಅತ್ತೆ ಎಂಥವಳು ಎಂಬುದನ್ನೆಲ್ಲ ತಿಳಿದುಕೊಂಡಳು. ನಡುನಡುವೆ ಬಂದು ನನ್ನ ಬೆನ್ನು ನೀವಿ, “ದೊಡ್ಡ ಕೆರಿ ಹೆಂಗೈತೋ ತಮ್ಮಾ?” ಎಂದು ಕೇಳಿ ಹೋಗುತ್ತಿದ್ದಳು.

ಆ ಹೆಂಗಸರಲ್ಲಿ ಒಬ್ಬಳು ನನಗೆ ತಾನಾಗಿ ನಿಂಬೆಹಣ್ಣು ತಂದು ಕೊಟ್ಟಳು. ಮೂಸಿ ನೋಡುತ್ತಿರಬೇಕಂತೆ. ಅವಳ ಹೆಸರು ಕೇಳುವುದಕ್ಕೂ ನನಗೆ ತ್ರಾಣವಿರಲಿಲ್ಲ. ಈ ಪ್ರವಾಸದಲ್ಲಿ ನನಗೆ ಸಿಕ್ಕ ಮೊದಲ ಉಪಕಾರ ಅದು; ಆ ತಾಯಿ ಎಲ್ಲಿದ್ದರೂ ತಣ್ಣಗಿರಲಿ.

ರಂಗೂನು

ಬಂದರಿನಲ್ಲಿ ಸುಂಕದವರು ಅಕ್ಕನ ಬುತ್ತಿ ಗಂಟು ಬಿಚ್ಚಿಸಿದರು. ಅದರಲ್ಲಿ ಒಂದು ಡಬ್ಬಿಯ ತುಂಬ ಗುರೆಳ್ಳು ಪುಡಿ ಇತ್ತು. ಕರ್ರಗಿನ ಪುಡಿ ನೋಡಿ ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ. ಆ ದೇಶದಲ್ಲಿ ಆಗ ಅಲ್ಲಲ್ಲಿ ದಂಗೆ ಇನ್ನೂ ನಿಂತಿರಲಿಲ್ಲ. ಬಂದೂಕಿನ ಮದ್ದು ಎಂದುಕೊಂಡನೋ ಏನೋ. ಇಬ್ಬರು ಪೊಲೀಸರನ್ನು ಕರೆದ. ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ. ಗುರೆಳ್ಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನ್ನಪ್ಪನಿಗೂ ಗೊತ್ತಿರಲಿಲ್ಲ. ಅಕ್ಕ ಸುಮ್ಮನೆ ಒಂದು ಚಿಟಿಕೆ ತನ್ನ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆ ಅಧಿಕಾರಿಯ ಅಂಗೈಗೆ ಹಾಕಿದಳು. ಅವನು ನೆಕ್ಕಿದ. ಮತ್ತೆ ಕೈ ಚಾಚಿದ. ಪೊಲೀಸರೂ ಕೈ ಚಾಚಿದರು. ನಾವು ಹೊರಗೆ ಬಂದಾಗ ಡಬ್ಬಿ ಅರ್ಧವಾಗಿತ್ತು.

ಬೀದಿಗೆ ಬಂದರೆ ನನಗೆ ಇನ್ನೊಂದು ಮರುಳು. ಅಂಗಡಿಗಳ ಫಲಕಗಳೆಲ್ಲ ನಮ್ಮ ಲಿಪಿಯಲ್ಲೇ ಇದ್ದ ಹಾಗೆ ಕಂಡವು! ಅದೇ ದುಂಡು, ಅದೇ ಸೊನ್ನೆ, ಅದೇ ಕೊಂಬು. ಕನ್ನಡವಲ್ಲದಿದ್ದರೆ ತೆಲುಗು ಎಂದುಕೊಂಡು ಒಂದು ಫಲಕದ ಮುಂದೆ ನಿಂತು ಜೋರಾಗಿ ಓದಲು ಶುರು ಮಾಡಿದೆ. “ಗಂ... ಠಂ... ಲಂ...” ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ನಕ್ಕರು. “ಏಮಂಡಿ, ಅದಿ ಬರ್ಮಾ ಅಕ್ಷರಂ ಅಂಡಿ!” ಎಂದರು.

ಹೀಗೆ ಸಿಕ್ಕವರು ಅಪ್ಪಲಸ್ವಾಮಿ. ಶ್ರೀಕಾಕುಳಂ ಕಡೆಯ ತೆಲುಗರು. ಹುಡುಗನಾಗಿದ್ದಾಗ ಬಂದರಿಗೆ ಕೂಲಿಗೆ ಬಂದು, ಅಲ್ಲೇ ನೆಲೆನಿಂತು, ಈಗ ಬೆಲ್ಲದ ವ್ಯಾಪಾರ ಮಾಡುತ್ತಿದ್ದರು. ಅಕ್ಕನ ತೆಲುಗು ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. “ಮೀದಿ ತೆಲುಗೇನಾ ಅಮ್ಮಾ?”, ನಿಮ್ಮದು ನಿಜವಾಗಿ ತೆಲುಗೇ, ಎಂದು ಕೇಳಿದರು.

“ಮಾದಿ ತೆಲುಗೂ ಕಾದು, ಕನ್ನಡಾನೂ ಅಲ್ಲ. ಆದವಾನಿದು” ಎಂದಳು ಅಕ್ಕ.

ಅವರ ಮನೆಯಲ್ಲೇ ಇಳಿಸಿಕೊಂಡರು. ಬಂದ ಕಾರಣ ಕೇಳಿದ ಮೇಲೆ ಅವರ ನಗು ಹೋಯಿತು. ತಾಳೆಬೆಲ್ಲ ಕೊಳ್ಳಲು ಮಿಂಜಾನ್ ಕಡೆಗೆ ಹೋಗುವುದಿದೆ, ಹದಿನೈದು ದಿನ ಮುಂಚೆಯೇ ಹೊರಟರಾಯಿತು, ನಿಮ್ಮ ಜೊತೆಗೆ ಬರುತ್ತೇನೆ ಎಂದರು. ಯಾವ ಸಂಬಂಧ? ಯಾವ ಋಣ? ನಾನು ಕೈ ಮುಗಿದರೆ ಅವರು ಕೈ ಕೆಳಗಿಳಿಸಿ, ದೇಶ ಬಿಟ್ಟು ಬಂದವನಿಗೆ ತೆಲುಗು ಕೇಳಿದರೆ ಸಾಕು, ಅದು ಆದವಾನಿಯದಾದರೂ ಸರಿ ಎಂದರು.

ಹೊರಡುವ ಮುಂಚೆ ನಗರದ ಹೊರಗೆ ದೊಡ್ಡದೊಂದು ಯುದ್ಧಸ್ಮಾರಕ ಏಳುತ್ತಿದೆಯೆಂದು ಅಲ್ಲಿಗೆ ಕರೆದೊಯ್ದರು. ನಾನು ಅಂಥದ್ದನ್ನು ಎಂದೂ ನೋಡಿರಲಿಲ್ಲ. ಹುಲ್ಲುಹಾಸಿನ ಮೇಲೆ ಸಾಲು ಸಾಲು ಗೋರಿಗಳು, ನಡುವೆ ಕಲ್ಲಿನ ಕಂಬಗಳು. ಸಮಾಧಿ ಸಿಗದವರ ಹೆಸರುಗಳನ್ನು ಆ ಕಂಬಗಳ ಮೇಲೆ ಕೆತ್ತುತ್ತಾರಂತೆ. ಅಲ್ಲಿದ್ದ ಮೇಲ್ವಿಚಾರಕ ಬಹಳ ಮರ್ಯಾದೆಯಿಂದ ತಿರುಗಾಡಿಸಿ ತೋರಿಸಿದ, ಭಾವನ ಹೆಸರೂ ಬರಬಹುದು ಎಂದ.

“ಕಾಣೆಯಾದವ್ರದೂ ಸತ್ತವ್ರದೂ ಒಂದಾ ಕಂಬದಾಗೇನು?” ಎಂದು ಅಕ್ಕ ಕೇಳಿದಳು.

ಹೌದು, ಎಲ್ಲರದೂ ಒಟ್ಟಿಗೇ ಎಂದು ಅವನು ಹೇಳಿದ. ಅಕ್ಕ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿರುಗುವಾಗ ಮಾತ್ರ, “ಚಂದ ಕಟ್ಟ್ಯಾರ. ನಾ ಕೇಳಾಕ ಬಂದದ್ದು ಇಲ್ಲಿ ಸಿಗಂಗಿಲ್ಲ” ಎಂದಳು.

ಮಿಂಜಾನಿನ ದಾರಿ

ರೈಲಿನಲ್ಲಿ ಹೊರಟೆವು. ದಂಗೆಕೋರರು ಹಳಿ ಕಿತ್ತಿರುತ್ತಾರೆಂದು ನಮ್ಮ ಬಂಡಿಯ ಮುಂದೆ ಬರೀ ಇಂಜಿನ್ನೊಂದು ದಾರಿ ನೋಡಿಕೊಂಡು ಹೋಗುತ್ತಿತ್ತು. ನನ್ನ ಜೀವ ಆ ಮುಂದಿನ ಇಂಜಿನ್ನಿನಲ್ಲೇ ಇತ್ತು. ಬರ್ಮಾದವರು ನಿಶ್ಚಿಂತೆಯಿಂದ ಹರಟೆ ಹೊಡೆಯುತ್ತ, ಕೈ ಬೆರಳಿನಷ್ಟು ದಪ್ಪದ ಚುಟ್ಟಾ ಸೇದುತ್ತ ಕೂತಿದ್ದರು. ಗಂಡಸರಿಗಿಂತ ಮುದುಕಿಯರ ಚುಟ್ಟಾ ದೊಡ್ಡದು. ಒಬ್ಬ ಅಜ್ಜಿ ಒಂದು ದಮ್ಮು ಎಳೆದು ಪ್ರೀತಿಯಿಂದ ಅಕ್ಕನ ಕಡೆಗೆ ಚಾಚಿದಳು. ಅಕ್ಕ ಗಾಬರಿಯಿಂದ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಅಜ್ಜಿ ಮುನಿಯಲಿಲ್ಲ, ಕೆನ್ನೆಗೆ ಹಚ್ಚಿಕೊಳ್ಳುವ ಗಂಧದಂಥ ಲೇಪವನ್ನು ತೆಗೆದು ಅಕ್ಕನ ಕೆನ್ನೆಗೆ ಒಂದು ಬೊಟ್ಟು ಹಚ್ಚಿಯೇಬಿಟ್ಟಳು. ಆ ಅಜ್ಜಿಯ ಮುಡಿಯಲ್ಲಿ ಹೂವಿತ್ತು. ಗಂಡ ತೀರಿ ಬಹಳ ವರ್ಷವಾಯಿತಂತೆ.

“ಗಂಡ ಇಲ್ಲದಾಕಿ ಹೂವು ಮುಡದಾಳ?” ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು. ಇಲ್ಲಿ ಎಲ್ಲರೂ ಮುಡಿಯುತ್ತಾರೆ, ಯಾರೂ ಬೇಡ ಎನ್ನುವುದಿಲ್ಲ ಎಂದರು ಅಪ್ಪಲಸ್ವಾಮಿ. ಅಕ್ಕ ಬಹಳ ಹೊತ್ತು ಆ ಹೂವನ್ನೇ ನೋಡುತ್ತಿದ್ದಳು.

ಗದ್ದೆ, ನೀರು, ಹಸಿರು ಎಲ್ಲ ಮುಗಿದು ಬೆಳಗಿನ ಹೊತ್ತಿಗೆ ಕಿಟಕಿಯಾಚೆ ಕಂಡದ್ದನ್ನು ನಾನು ನಂಬಲಿಲ್ಲ. ಒಣ ನೆಲ, ಶೇಂಗಾ ಹೊಲ, ಜೋಳದ ದಂಟು, ಜಾಲಿ ಮುಳ್ಳು, ಎತ್ತಿನ ಬಂಡಿ, ಬಂಡಿಯ ಹಿಂದೆ ಧೂಳು. ಸಮುದ್ರ ದಾಟಿ ಇಷ್ಟು ದೂರ ವಾಂತಿ ಮಾಡಿಕೊಂಡು ಬಂದದ್ದು ಆಲೂರಿಗೇ ಏನು ಎನ್ನಿಸಿತು. ಹತ್ತಿ ಕೂಡ ಇತ್ತು. ಒಂದು ಠಾಣೆಯಲ್ಲಿ ರೈಲು ನಿಂತಾಗ ನಾನು ಇಳಿದು ಪಕ್ಕದ ಹೊಲಕ್ಕೆ ನುಗ್ಗಿ ಕಾಯೊಂದನ್ನು ಬಿಡಿಸಿ ಎಳೆ ಎಳೆದು ನೋಡಿದೆ. ಎಳೆ ಗಿಡ್ಡ, ಆದರೆ ಗಟ್ಟಿ. ಹೊಲದ ಯಜಮಾನ ಬಂದು ಏನೋ ಕೇಳಿದ. ನಾನು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ತಲೆಯಾಡಿಸಿದೆ. ಅವನೂ ಹಾಗೆಯೇ ಹಿಡಿದು ತಲೆಯಾಡಿಸಿದ. ಇಬ್ಬರೂ ಸಂತೋಷದಿಂದ ಬೀಳ್ಕೊಂಡೆವು. ರೈಲು ಹೊರಟಿತ್ತು. ಅಪ್ಪಲಸ್ವಾಮಿ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳದಿದ್ದರೆ ನಾನು ಅಲ್ಲೇ ದಲಾಲಿ ಮಾಡಿಕೊಂಡಿರಬೇಕಾಗುತ್ತಿತ್ತು.

ಟಾಂಗೋನ್

ಮಿಂಜಾನಿನಿಂದ ಎತ್ತಿನ ಬಂಡಿಯಲ್ಲಿ ಟಾಂಗೋನಿಗೆ ಹೋದೆವು. ತಾಳೆಮರಗಳ ದಿನ್ನೆಯ ಮೇಲಿನ ಸಣ್ಣ ಹಳ್ಳಿ. ಊರ ಬಾಗಿಲಲ್ಲೇ ಒಂದು ದೊಡ್ಡ ಹುಣಿಸೆಮರ. ಅದರ ಕೆಳಗೆ ಹಲಗೆಯ ಛಾವಣಿಯ ಸಣ್ಣ ಜಗಲಿ, ಅದರ ಮೇಲೆ ಸಾಲಾಗಿ ಮಣ್ಣಿನ ಗಡಿಗೆಗಳು, ಮುಚ್ಚಳ, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಸೌಟು. ದಾರಿಹೋಕರಿಗೆ ನೀರು. ನಮ್ಮ ಕಡೆ ಬೇಸಿಗೆಯಲ್ಲಿ ಇಡುವ ಅರವಟ್ಟಿಗೆಯೇ, ಆದರೆ ಇಲ್ಲಿ ವರ್ಷವಿಡೀ ಇರುತ್ತದಂತೆ. ಪಕ್ಕದಲ್ಲಿ ಸೊಂಟದೆತ್ತರದ ಕಲ್ಲು.

ನಾನು ನೋಡಿದ ದೊಡ್ಡ ಸ್ಮಾರಕದ ಮುಂದೆ ಇದು ಏನೂ ಅಲ್ಲ. ಆದರೂ ಚಪ್ಪಲಿ ತಾನಾಗಿ ಕಾಲಿನಿಂದ ಕಳಚಿತು.

ಅಪ್ಪಲಸ್ವಾಮಿ ಕಲ್ಲಿನ ಮುಂದೆ ಕೂತು ಬೆರಳಿಟ್ಟು ನಿಧಾನವಾಗಿ ಓದಿದರು. “ಬಾಯೀ ಪಲ್ಟನ್ನಿನವರ ಪುಣ್ಯಕ್ಕೆ ಈ ನೀರು” ಎಂದು ಅದರಲ್ಲಿತ್ತು. ಹೆಸರುಗಳಿರಲಿಲ್ಲ. ಅವರು ನನ್ನ ಮುಖ ನೋಡಲಾರದೆ ಹೇಳಿದರು: ಬಾಯೀ ಎಂದರೆ ಭಾಯಿ ಇರಬೇಕು, ಹಿಂದೂಸ್ತಾನಿ ಮಾತು, ಇವರು ಯಾರೋ ಉತ್ತರದ ಕಡೆಯ ಸಿಪಾಯಿಗಳು.

ಇಷ್ಟು ದೂರ ಬಂದು! ಅಕ್ಕ ಮರದ ಬೇರಿನ ಮೇಲೆ ಕೂತುಬಿಟ್ಟಳು. ಅವಳನ್ನು ಏನೆಂದು ಸಮಾಧಾನ ಮಾಡಲಿ? ಸುಳ್ಳಿಗೂ ಅಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ಊರೊಳಗಿಂದ ಒಬ್ಬ ಮುದುಕಿ ಕೊಡ ಹೊತ್ತುಕೊಂಡು ಬಂದಳು. ಗಡಿಗೆಗಳಿಗೆ ನೀರು ತುಂಬುವವಳು ಅವಳೇ. ಹೆಸರು ಡೋ ಮ್ಯ. ಡೋ ಎಂದರೆ ನಾವು ಹಿರಿಯ ಹೆಣ್ಣುಮಕ್ಕಳಿಗೆ ಅಮ್ಮ ಎಂದು ಸೇರಿಸುವ ಹಾಗೆ. ಪರವೂರಿನವರು ಬಿಸಿಲಲ್ಲಿ ಬಂದದ್ದು ಕಂಡು, ಸೌಟಿನಲ್ಲಿ ನೀರೆತ್ತಿ, ಇನ್ನೊಂದು ಕೈಯಿಂದ ನಮ್ಮನ್ನು ಕರೆಯುತ್ತ ಹಾಡಿನ ಧಾಟಿಯಲ್ಲಿ ಹೇಳಿದಳು:

“ಬಾಯೀ, ಬಾಯೀ! ಕುಂದಾಯೀ! ಉನ್ನೀ!”

ಅಕ್ಕ ತಲೆಯೆತ್ತಿದಳು. “ಏನಂದಳು? ಇನ್ನೊಮ್ಮೆ ಅನ್ನಂತ ಹೇಳ್ರಿ.”

ಮುದುಕಿ ಇನ್ನೊಮ್ಮೆ ಅಂದಳು.

“ಅಯ್ಯೋ ತಮ್ಮಾ! ಬರ್ರಿ, ಕುಂದರ್ರಿ, ಉಣ್ರಿ ಅನ್ನಾಕತ್ತಾಳೋ! ಭಾಯಿ ಅಲ್ಲೋ, ಬರ್ರಿ! ನಮ್ಮ ಮಾತೋ ಇದು!”

ಆ ಜನರ ನಾಲಿಗೆಗೆ ರಕಾರ ಸುಲಭವಾಗಿ ತಿರುಗದು, ಯಕಾರವಾಗಿಬಿಡುತ್ತದೆ ಎಂದು ಅಪ್ಪಲಸ್ವಾಮಿಯವರೇ ಆಮೇಲೆ ಒಪ್ಪಿಕೊಂಡರು. ಬರ್ರಿ ಎಂಬುದು ಅವರ ಬಾಯಲ್ಲಿ ಬಾಯೀ ಆಗಿತ್ತು. ಗುದ್ದಲಿ ಪಲ್ಟನ್ನು ಈ ಊರ ಹೊರಗೆ ಬಿಡಾರ ಹೂಡಿದಾಗ ಊರಲ್ಲಿ ಕಾಳಿಲ್ಲ, ಇದ್ದ ಒಂದೇ ಬಾವಿ ಯುದ್ಧದಲ್ಲಿ ಹೂತುಹೋಗಿತ್ತು. ಊಟದ ಹೊತ್ತಿಗೆ ಸಿಪಾಯಿಗಳು ತಮ್ಮ ತಟ್ಟೆ ಮುಂದಿಟ್ಟುಕೊಂಡು, ದೂರ ನಿಂತು ನೋಡುತ್ತಿದ್ದ ಊರವರನ್ನು ಕೂಗಿ ಕರೆಯುತ್ತಿದ್ದರಂತೆ. ದಿನವೂ ಅದೇ ಕೂಗು. ಅದೇ ಅವರ ಜಾತಿಯ ಹೆಸರು, ಪಲ್ಟನ್ನಿನ ಹೆಸರು ಎಂದು ಊರವರು ತಿಳಿದರು. ಕಲ್ಲಿನಲ್ಲೂ ಹಾಗೇ ಕೆತ್ತಿಸಿದರು.

ನಮ್ಮ ಕಡೆ ಯಾರ ಮನೆಯ ಮುಂದೆ ಹಾದುಹೋದರೂ ಬರ್ರಿ, ಕುಂದರ್ರಿ ಎನ್ನುತ್ತಾರೆ. ನಾವು ಅದನ್ನು ಕಿವಿಗೂ ಹಾಕಿಕೊಳ್ಳುವುದಿಲ್ಲ. ಒಂದು ಊರು ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಅದರ ಪಕ್ಕ ನೀರಿಟ್ಟಿದೆ ಎಂದು ತಿಳಿದಾಗ ನನಗೆ ಹೆಮ್ಮೆಗಿಂತ ನಾಚಿಕೆಯೇ ಹೆಚ್ಚಾಯಿತು. ಗುದ್ದಲಿ ಪಲ್ಟನ್ ಎಂದು ನಗುತ್ತಿದ್ದವರಲ್ಲಿ ನಾನೂ ಇದ್ದೆನಲ್ಲ.

ಮಿಕ್ಕದ್ದನ್ನು ಡೋ ಮ್ಯ ತನ್ನ ಮನೆಯ ಜಗಲಿಯ ಮೇಲೆ ಕೂರಿಸಿ ಹೇಳಿದಳು. ಅವಳ ಮಾತು ಅಪ್ಪಲಸ್ವಾಮಿಯವರ ತೆಲುಗಿನ ಮೂಲಕ ನಮಗೆ ಬರುತ್ತಿತ್ತು. ರಸ್ತೆಯ ಕೆಲಸ ಮುಗಿದಿತ್ತು, ಪಲ್ಟನ್ನು ಮುಂದಕ್ಕೆ ಹೋಗುವುದಿತ್ತು. ಹೋಗುವ ಮೊದಲು ಊರ ಬಾವಿ ತೋಡಿಕೊಟ್ಟು ಹೋಗುತ್ತೇವೆ ಎಂದು ಕೆಲವರು ಹಿಂದೆ ಉಳಿದರು. ಹಗ್ಗ ಕಟ್ಟಿ ಇಳಿದು ಮಣ್ಣೆತ್ತಿದರು. ನೀರಿನ ಪಸೆ ಕಂಡಿತು. ಆ ಮಣ್ಣಿನಡಿಯಲ್ಲಿ ಸಿಡಿಯದೆ ಉಳಿದ ಬಾಂಬೊಂದಿತ್ತು. ಒಳಗಿದ್ದವರೂ ಬಾವಿಯ ಅಂಚಿನಲ್ಲಿದ್ದವರೂ ಉಳಿಯಲಿಲ್ಲ. ಯಾರದು ಯಾವುದು ಎಂದು ಗುರುತು ಹಿಡಿಯುವಂತಿರಲಿಲ್ಲ. ಊರವರೇ ಎಲ್ಲರನ್ನೂ ಒಟ್ಟಿಗೆ ದಹನ ಮಾಡಿದರು. ಆಮೇಲೆ ಊರವರೇ ಬಾವಿಯನ್ನು ಪೂರ್ತಿ ತೋಡಿದರು. ಇವತ್ತಿಗೂ ಅದೇ ನೀರು.

“ಅವ್ರ ಪೈಕಿ ನಮ್ಮವ್ರು ಇದ್ರೋ, ಮುಂದ ಹೋದ್ರೋ?” ಎಂದು ಅಕ್ಕ ಕೇಳಿದಳು. ಹೆಸರುಗಳು ಡೋ ಮ್ಯಳಿಗೆ ಗೊತ್ತಿರಲಿಲ್ಲ. ಎಲ್ಲರೂ ಬಾಯೀಗಳೇ.

ಎಡಗೈ

ನಾವು ಬಾಯೀಗಳ ಊರಿನವರು ಎಂದು ತಿಳಿದ ಮೇಲೆ ನಮ್ಮನ್ನು ಬಿಟ್ಟುಕೊಡಲು ಊರು ತಯಾರಿರಲಿಲ್ಲ. ಒಬ್ಬರು ತಾಳೆಬೆಲ್ಲ ತಂದರು, ಒಬ್ಬರು ಹುರಿದ ಶೇಂಗಾ ತಂದರು. ಮೀನಿನ ವಾಸನೆಯ ಒಂದು ಚಟ್ನಿಯನ್ನು ನಾನು ಅಪ್ಪಲಸ್ವಾಮಿಯವರ ಕಡೆಗೆ ಮರ್ಯಾದೆಯಿಂದ ಸರಿಸಿದೆ. ಮರುದಿನ ಬೆಳಗ್ಗೆ ಡೋ ಮ್ಯ, ಇವತ್ತು ನಿಮಗೆ ಬಾಯೀ ಊಟ ಮಾಡಿಕೊಡುತ್ತೇನೆ ಎಂದು ಒಲೆ ಹೊತ್ತಿಸಿದಳು.

ಆ ಊರಲ್ಲಿ ಜೋಳವನ್ನು ದನಕ್ಕೆ ಹಾಕುತ್ತಾರೆ, ಮನುಷ್ಯರು ಅನ್ನವನ್ನೇ ಉಣ್ಣುವುದು. ಆದರೆ ಮುದುಕಿ ಜೋಳದ ಹಿಟ್ಟು ತೆಗೆದಳು. ಬಲಗೈಯಿಂದ ಜರಡಿ ಹಿಡಿದಳು. ಬಲಗೈಯಿಂದ ಬಿಸಿನೀರು ಹೊಯ್ದಳು, ಬಲಗೈಯಿಂದ ನಾದಿದಳು. ಉಂಡೆ ಮಾಡಿ ಹಲಗೆಯ ಮೇಲಿಟ್ಟು, ಕೈ ಬದಲಿಸಿ, ಎಡಗೈಯಿಂದ ತಟ್ಟತೊಡಗಿದಳು. ತಪ್ ತಪ್ ಎಂದು ರೊಟ್ಟಿ ಹಿಂದುಮುಂದಾಗಿ ತಿರುಗಿತು. ದಪ್ಪವಾಗಿತ್ತು, ಅಂಚು ಹರಿದಿತ್ತು. ನಮ್ಮೂರ ಹೆಣ್ಣು ಯಾರೂ ಎಡಗೈಯಲ್ಲಿ ರೊಟ್ಟಿ ತಟ್ಟುವುದಿಲ್ಲ. ತಟ್ಟಿದರೆ ತಾಯಿ ಸುಮ್ಮನಿರುವುದಿಲ್ಲ.

ಅಂಚು ಸರಿ ಮಾಡಿಕೊಡಲೆಂದು ಕೈ ಮುಂದೆ ಮಾಡಿದ್ದ ಅಕ್ಕ ಹಾಗೇ ನಿಂತಳು.

“ತಮ್ಮಾ, ಎಡಗೈ. ನೋಡು, ಎಡಗೈ.”

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಭಾವ ಎಡಚ. ಹುಡುಗನಾಗಿದ್ದಾಗ ಹೊಡೆದು ಬಡಿದು ಊಟಕ್ಕೆ ಬಲಗೈ ರೂಢಿ ಮಾಡಿಸಿದ್ದರು, ಕೆಲಸಕ್ಕೆ ಮಾತ್ರ ಎಡಗೈಯೇ. ಗಿರಿಜ ಹುಟ್ಟಿ ಅಕ್ಕ ಬಾಣಂತಿಯಾಗಿದ್ದಾಗ ಅತ್ತೆಗೂ ಜ್ವರ ಬಂತು. ಆಗ ಭಾವ ಅಡಿಗೆ ಮನೆಯ ಅಗುಳಿ ಹಾಕಿಕೊಂಡು ರೊಟ್ಟಿ ತಟ್ಟಿದ್ದ. ಗಂಡಸು ರೊಟ್ಟಿ ತಟ್ಟುವುದು, ಅದೂ ಎಡಗೈಯಲ್ಲಿ! ಊರಿಗೆ ಗೊತ್ತಾದರೆ ತಲೆ ಎತ್ತುವ ಹಾಗಿಲ್ಲ. ಅಕ್ಕ ಹಾಸಿಗೆಯಲ್ಲೇ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದಳಂತೆ. ಇದನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಎಡಗೈಯಲ್ಲೇ ಏಕೆ ಎಂದು ಅಪ್ಪಲಸ್ವಾಮಿ ಕೇಳಿದರು. ಡೋ ಮ್ಯಳಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಇದನ್ನು ಮಾಡುವುದೇ ಹೀಗಲ್ಲವೆ? ಕಲಿಸಿದ ಬಾಯೀ ಹೀಗೇ ಮಾಡುತ್ತಿದ್ದ, ಪಕ್ಕದಲ್ಲಿ ಕೂತು ನೋಡಿ ಕಲಿತೆ, ಇನ್ನೊಂದು ಕೈಯಲ್ಲಿ ನನಗೆ ಬರುವುದೇ ಇಲ್ಲ ಎಂದಳು.

ಅಕ್ಕ ಅವಳ ಹಿಟ್ಟು ಮೆತ್ತಿದ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಆ ಬಾಯೀ ಬಾವಿಗಿ ಇಳದಿದ್ರೇನು, ಕೇಳ್ರಿ.”

ಅಪ್ಪಲಸ್ವಾಮಿ ಕೇಳಿದರು. ಡೋ ಮ್ಯ ಅಕ್ಕನ ಮುಖ ನೋಡಿದಳು. ಯಾರ ಹೆಂಡತಿ ಇವಳು ಎಂದು ಆಗ ಅವಳಿಗೂ ತಿಳಿಯಿತು. ಮೊದಲು ಇಳಿದವನೇ ಅವನು ಎಂದಳು.

ಒಲೆಯ ಮೇಲೆ ರೊಟ್ಟಿ ಸೀಯತೊಡಗಿತು. ಯಾರೂ ತೆಗೆಯಲಿಲ್ಲ.

“ಅವತ್ತು ಉಂಡಿದ್ರೇನು? ಅದೊಂದು ಕೇಳ್ರಿ” ಎಂದಳು ಅಕ್ಕ.

ಉಂಡಿದ್ದ. ಅವತ್ತು ಬೆಳಗ್ಗೆ ಮೊದಲ ಸಲ ಡೋ ಮ್ಯ ತಟ್ಟಿದ ರೊಟ್ಟಿ ಹರಿಯದೆ ಇಡಿಯಾಗಿ ಬಂದಿತ್ತು. ಅವನು ಅದನ್ನು ಎಲ್ಲರಿಗೂ ಎತ್ತಿ ತೋರಿಸಿ, ತಿಂದು, ಒಂದು ಬೆರಳು ಎತ್ತಿ ಇನ್ನೊಂದು ಕೇಳಿ ತಿಂದು ಹೋಗಿದ್ದ.

“ಉಂಡು ಹೋಗ್ಯಾರ” ಎಂದಳು ಅಕ್ಕ. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಷ್ಟು ವರ್ಷದ ಅಳು. ಡೋ ಮ್ಯ ಅವಳನ್ನು ಮಡಿಲಿಗೆ ಎಳೆದುಕೊಂಡಳು. ನಾನೂ ಅತ್ತೆ, ಅಪ್ಪಲಸ್ವಾಮಿಯೂ ಅತ್ತರು. ಮುಚ್ಚಿಟ್ಟುಕೊಳ್ಳುವುದೇನಿದೆ?

ಸ್ವಲ್ಪ ಹೊತ್ತಾದ ಮೇಲೆ ಅವನ ಹೆಸರೇನು ಎಂದು ಡೋ ಮ್ಯ ಕೇಳಿದಳು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅಕ್ಕ ನನ್ನ ಕಡೆ ನೋಡಿದಳು. ನಾನು ಈರಣ್ಣ ಎಂದೆ. ಮುದುಕಿ ಅದನ್ನು ತನ್ನ ನಾಲಿಗೆಗೆ ಒಗ್ಗುವಂತೆ ಎರಡು ಮೂರು ಸಲ ಹೇಳಿಕೊಂಡಳು.

ಸಂಜೆ ಅಕ್ಕ ಒಬ್ಬಳೇ ಹುಣಿಸೆಮರದ ಕೆಳಗೆ ಹೋದಳು. ಆ ಬಾವಿಯ ನೀರಿನಲ್ಲಿ ಕೈ ಅದ್ದಿ ಹಣೆಯ ಕುಂಕುಮ ಒರೆಸಿಕೊಂಡಳು. ಬಳೆಗಳನ್ನು ಒಡೆಯಲಿಲ್ಲ, ಒಂದೊಂದಾಗಿ ಬಿಚ್ಚಿ ಕಲ್ಲಿನ ಬುಡದಲ್ಲಿಟ್ಟಳು. ನಮ್ಮೂರಲ್ಲಾಗಿದ್ದರೆ ಹತ್ತು ಮಂದಿ ಹೆಂಗಸರು ಸುತ್ತ ಕೂತು, ಎಳೆದಾಡಿ, ಬಳೆ ಒಡೆದು ಗೋಳಾಡಿಸುತ್ತಿದ್ದರು. ಇಲ್ಲಿ ಅವಳ ಪಾಡಿಗೆ ಅವಳನ್ನು ಬಿಟ್ಟರಲ್ಲ, ಅದಕ್ಕಾಗಿ ನಾನು ಆ ಊರಿಗೆ ಎಷ್ಟು ಕೈ ಮುಗಿದರೂ ಸಾಲದು. ಕೊನೆಗೆ ಡೋ ಮ್ಯ ಬಂದು, ನಮ್ಮ ರೀತಿ ಅವಳಿಗೇನು ಗೊತ್ತು, ಅಕ್ಕನ ಮುಡಿಗೆ ಒಂದು ಹೂವು ಸಿಕ್ಕಿಸಿದಳು. ಅಕ್ಕನ ಕೈ ತೆಗೆಯಲೆಂದು ಮೇಲಕ್ಕೆ ಹೋಯಿತು. ಮತ್ತೆ ಸುಮ್ಮನೆ ಕೆಳಗಿಳಿಯಿತು.

ಹೊರಡುವ ದಿನ ಊರಿಗೆ ಊರೇ ಬಂಡಿಯ ಹಿಂದೆ ಬಂತು. ನಾನು ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಹೋದೆ. ಎಲ್ಲೋ ಹುಟ್ಟಿದ ನಮ್ಮ ಹುಡುಗರನ್ನು ತಮ್ಮವರಂತೆ ದಹನ ಮಾಡಿ, ಅವರ ಹೆಸರಿನಲ್ಲಿ ಗಡಿಗೆ ಬರಿದಾಗದಂತೆ ನೋಡಿಕೊಂಡವರು. ನಮ್ಮ ಜಿಲ್ಲೆ ಯಾವುದು, ಭಾಷೆ ಯಾವುದು ಎಂದು ಅವರು ಕೇಳಲಿಲ್ಲ.

ಮರಳಿ ಹಡಗು

ಈ ಸಲವೂ ನನಗೆ ವಾಂತಿ ತಪ್ಪಲಿಲ್ಲ. ಮದರಾಸು ಹತ್ತಿರ ಬಂದಾಗ ಸ್ವಲ್ಪ ಚೇತರಿಸಿಕೊಂಡು ಅಕ್ಕನ ಪಕ್ಕ ಬಂದು ಕೂತೆ. ಲಗ್ನಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಹೇಗೆ ಕೇಳುವುದೆಂದು ಒದ್ದಾಡುತ್ತಿದ್ದೆ. ಅವಳೇ ಮಾತು ತೆಗೆದಳು.

“ಊರಿಗಿ ಹೋದಕೂಡಲೇ ಪತ್ರಿಕೆ ಅಚ್ಚು ಹಾಕಸು. ಅವ್ರ ಹೆಸರಿನ ಮುಂದ ದಿವಂಗತ ಅಂತ ಬರಸು.”

“ಆಗಲಿ ಅಕ್ಕಾ.”

ನಮ್ಮ ಕಡೆ ಲಗ್ನಪತ್ರಿಕೆಯ ಕೊನೆಗೆ, ಎಲ್ಲರೂ ಬರಬೇಕೆಂದು ಕೋರುವವರು ಎಂದು ಮನೆಯ ಗಂಡಸಿನ ಹೆಸರಿರುತ್ತದೆ. ತಂದೆ ಇಲ್ಲದಿದ್ದರೆ ಸೋದರಮಾವನದು. ಗಂಡನಿಲ್ಲದವಳ ಹೆಸರು ಅಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಅದಕ್ಕೇ, “ಕೆಳಗ ಕರಿಯೋರು ಅಂತ ನನ್ನ ಹೆಸರು ಹಾಕಸಲೇನಕ್ಕಾ?” ಎಂದೆ.

ಅಕ್ಕ ನನ್ನ ಕಡೆ ತಿರುಗಿದಳು. ಬೋಳು ಹಣೆ, ಬರಿ ಕೈ. ಆದರೆ ಹೊಸ್ತಿಲ ಮೇಲೆ ನಿಂತವಳಂತೆ ಅವಳು ಕಾಣಲಿಲ್ಲ.

“ನಿಂದ್ಯಾಕೋ?” ಎಂದಳು. “ನಂದು ಹಾಕಸು. ನಾ ಬದುಕೀನಿ.”